ಫ್ರಾಂಕ್ ಪಿಕ್

ಫ್ರಾಂಕ್ ಪಿಕ್ (23 ನವೆಂಬರ್ 1878 – 7 ನವೆಂಬರ್ 1941) ಇಂಗ್ಲೆಂಡಿನ ಸಾರಿಗೆ ಆಡಳಿತಗಾರರಲ್ಲಿ ಪ್ರಮುಖರು. 1906ರಿಂದ 1940ರವರೆಗೆ ಲಂಡನ್ನಿನ ಭೂಗತ ರೈಲು ವ್ಯವಸ್ಥೆಯಲ್ಲಿ ಸೇವೆ ಸಲ್ಲಿಸಿ, ಸಹಾಯಕನ ಹುದ್ದೆಯಿಂದ ಆರಂಭಿಸಿ ಲಂಡನ್ ಪ್ರಯಾಣಿಕ ಸಾರಿಗೆ ಮಂಡಳಿಯ ಉಪಾಧ್ಯಕ್ಷ ಹಾಗೂ ಮುಖ್ಯ ಕಾರ್ಯನಿರ್ವಾಹಕ ಪದವಿಯವರೆಗೆ ಏರಿದರು. ಅವರು ಎಂಜಿನಿಯರರಲ್ಲ, ವಾಸ್ತುಶಿಲ್ಪಿಯಲ್ಲ, ಚಿತ್ರಕಾರರೂ ಅಲ್ಲ, ಕಾನೂನು ಓದಿದವರು. ಆದರೂ ನೆಲದಡಿಯ ನಿಲ್ದಾಣದಲ್ಲಿ ಜನಸಂದಣಿಯನ್ನು ಫಲಕ, ಅಕ್ಷರ, ಬಣ್ಣ ಮತ್ತು ನಕ್ಷೆಗಳ ಮೂಲಕ ನಡೆಸುವ ಕ್ರಮವು ಒಂದು ವ್ಯವಸ್ಥಿತ ಶಾಸ್ತ್ರದ ರೂಪ ಪಡೆದುದು ಬಹುಮಟ್ಟಿಗೆ ಅವರ ಕಾಲದಲ್ಲಿ, ಅವರ ಮೇಲ್ವಿಚಾರಣೆಯಲ್ಲಿ. ನಿಲ್ದಾಣದ ಗೋಡೆಯ ಮೇಲೆ ಎಂದಿಗೂ ಬದಲಾಗಬಾರದ ಬರಹ ಯಾವುದು, ಕ್ಷಣಕ್ಷಣಕ್ಕೂ ಬದಲಾಗಲೇಬೇಕಾದ ಬರಹ ಯಾವುದು ಎಂಬ ವಿಂಗಡಣೆಯನ್ನು ಅವರು ಮಾಡಿದರು. ಇಂದು ಬೆಂಗಳೂರಿನ ನಮ್ಮ ಮೆಟ್ರೊ ಸೇರಿದಂತೆ ಜಗತ್ತಿನ ಬಹುತೇಕ ನಗರ ರೈಲುಗಳಲ್ಲಿ ಈ ವಿಂಗಡಣೆ ಸಾಮಾನ್ಯ ಸಂಗತಿಯಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಪಿಕ್ ಇಂಗ್ಲೆಂಡಿನ ಲಿಂಕನ್‌ಶೈರ್ ಪ್ರಾಂತದ ಸ್ಪಾಲ್ಡಿಂಗ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಫ್ರಾನ್ಸಿಸ್ ಪಿಕ್ ಬಟ್ಟೆ ವ್ಯಾಪಾರಿ. ತಾಯಿ ಫ್ಯಾನಿ ಕ್ಲಾರ್ಕ್. ದಂಪತಿಗಳ ಮೊದಲ ಮಗು ಇವರು. ಯಾರ್ಕ್ ನಗರದ ಸೇಂಟ್ ಪೀಟರ್ಸ್ ಶಾಲೆಯಲ್ಲಿ ಓದಿದ ಪಿಕ್, 1897ರಲ್ಲಿ ಅಲ್ಲಿಯ ವಕೀಲರೊಬ್ಬರ ಬಳಿ ತರಬೇತಿಗೆ ಸೇರಿದರು. 1902ರಲ್ಲಿ ವಕೀಲಿಯ ಅರ್ಹತೆ ಪಡೆದು, ಮರುವರ್ಷ ಲಂಡನ್ ವಿಶ್ವವಿದ್ಯಾಲಯದ ಕಾನೂನು ಪದವಿಯನ್ನೂ ಗಳಿಸಿದರು. ಆದರೆ ವಕೀಲಿ ವೃತ್ತಿಯನ್ನು ಅವರು ಕೈಗೊಳ್ಳಲಿಲ್ಲ. ಅದೇ 1902ರಲ್ಲಿ ನಾರ್ತ್ ಈಸ್ಟರ್ನ್ ರೈಲ್ವೆ ಸಂಸ್ಥೆಯನ್ನು ಸೇರಿ, ಸಂಚಾರದ ಅಂಕಿಅಂಶಗಳ ವಿಭಾಗದಲ್ಲಿ ಕೆಲಸ ಆರಂಭಿಸಿದರು. ಎಷ್ಟು ಜನ, ಎಲ್ಲಿಂದ ಎಲ್ಲಿಗೆ, ಯಾವ ಹೊತ್ತಿನಲ್ಲಿ ಪ್ರಯಾಣ ಮಾಡುತ್ತಾರೆ ಎಂಬ ಲೆಕ್ಕದ ಅಭ್ಯಾಸ ಅವರಿಗೆ ಅಂಟಿದ್ದು ಇಲ್ಲಿಯೇ. ಮುಂದೆ ಕಲಾಪೋಷಕರೆಂದು ಹೆಸರಾದ ವ್ಯಕ್ತಿಯ ಮೊದಲ ಪಾಠಗಳು ಅಂಕಿಗಳ ಕೋಷ್ಟಕಗಳಲ್ಲಿ ನಡೆದವು ಎಂಬುದು ಗಮನಿಸತಕ್ಕ ಸಂಗತಿ.

1904ರಲ್ಲಿ ಮೇಬಲ್ ವುಡ್‌ಹೌಸ್ ಅವರೊಂದಿಗೆ ಪಿಕ್ ಅವರ ವಿವಾಹವಾಯಿತು. ದಂಪತಿಗಳಿಗೆ ಮಕ್ಕಳಿರಲಿಲ್ಲ.

ಲಂಡನ್ನಿಗೆ ಆಗಮನ

ನಾರ್ತ್ ಈಸ್ಟರ್ನ್ ರೈಲ್ವೆಯ ಪ್ರಧಾನ ವ್ಯವಸ್ಥಾಪಕರಾಗಿದ್ದ ಸರ್ ಜಾರ್ಜ್ ಗಿಬ್ 1906ರಲ್ಲಿ ಲಂಡನ್ನಿನ ಭೂಗತ ವಿದ್ಯುತ್ ರೈಲು ಕಂಪನಿಯ ಆಡಳಿತ ನಿರ್ದೇಶಕರಾದಾಗ ಪಿಕ್ ಅವರನ್ನೂ ಜೊತೆಗೆ ಕರೆದೊಯ್ದರು. ಆ ಕಂಪನಿಯ ಸ್ಥಿತಿ ಆಗ ಉತ್ತಮವಾಗಿರಲಿಲ್ಲ. 1906 ಮತ್ತು 1907ರಲ್ಲಿ ಮೂರು ಹೊಸ ಆಳದ ಸುರಂಗ ಮಾರ್ಗಗಳು ತೆರೆದಿದ್ದವು. ಅವುಗಳಿಗೆ ಅಪಾರ ಸಾಲ ಮಾಡಲಾಗಿತ್ತು. ಪ್ರಯಾಣಿಕರು ಮಾತ್ರ ಅಂದಾಜಿಗಿಂತ ಬಹಳ ಕಡಿಮೆ ಬಂದರು. 1907ರಲ್ಲಿ ಅಮೆರಿಕದಿಂದ ಬಂದ ಆಲ್ಬರ್ಟ್ ಸ್ಟಾನ್ಲಿ (ಮುಂದೆ ಲಾರ್ಡ್ ಆ್ಯಶ್‌ಫೀಲ್ಡ್) ವ್ಯವಸ್ಥಾಪಕರಾದರು. ಕಂಪನಿಯ ಪ್ರಚಾರ ಕಾರ್ಯವನ್ನು ಪಿಕ್ ಕಟುವಾಗಿ ಟೀಕಿಸುತ್ತಿದ್ದುದರಿಂದ, ಆ ಹೊಣೆಯನ್ನೇ ಅವರ ಹೆಗಲಿಗೆ ಹಾಕಲಾಯಿತೆಂದು ಹೇಳುತ್ತಾರೆ. 1908ರಲ್ಲಿ ಪ್ರಚಾರದ ಹೊಣೆ, 1909ರಲ್ಲಿ ಸಂಚಾರ ಅಭಿವೃದ್ಧಿಯ ಹೊಣೆ, 1912ರಲ್ಲಿ ವಾಣಿಜ್ಯ ವ್ಯವಸ್ಥಾಪಕರ ಹುದ್ದೆ ಒಂದರ ಹಿಂದೊಂದು ಬಂದವು. ಸ್ಟಾನ್ಲಿ ಮತ್ತು ಪಿಕ್ ಅವರ ಸಹಯೋಗ ಮೂರು ದಶಕಗಳ ಕಾಲ ಮುಂದುವರಿಯಿತು.

ಹೆಸರಿನ ಫಲಕ ಮತ್ತು ಭಿತ್ತಿಚಿತ್ರ

ಆ ಕಾಲದ ನಿಲ್ದಾಣಗಳ ಗೋಡೆಗಳು ಜಾಹೀರಾತುಗಳಿಂದ ತುಂಬಿ ತುಳುಕುತ್ತಿದ್ದವು. ಸಾಬೂನು, ಚಹಾ, ಔಷಧಿಗಳ ಹೆಸರುಗಳ ನಡುವೆ ನಿಲ್ದಾಣದ ಹೆಸರು ಕಳೆದುಹೋಗುತ್ತಿತ್ತು. ನೆಲದ ಮೇಲಿನ ರೈಲಿನಲ್ಲಾದರೆ ಕಿಟಕಿಯಿಂದ ಕಾಣುವ ಮರ, ಗುಡಿ, ಕೆರೆಗಳನ್ನು ನೋಡಿ ಊರನ್ನು ಗುರುತಿಸಬಹುದು. ಸುರಂಗದಲ್ಲಿ ಆ ಅನುಕೂಲವಿಲ್ಲ. ಹೆಸರು ಕಾಣದ ಪ್ರಯಾಣಿಕ ಬಾಗಿಲ ಬಳಿ ತಡವರಿಸಿದರೆ ಹಿಂದಿನವರು ನಿಲ್ಲುತ್ತಾರೆ, ರೈಲು ತಡವಾಗುತ್ತದೆ, ಅದರ ಹಿಂದಿನ ರೈಲೂ ನಿಲ್ಲುತ್ತದೆ. ಒಂದು ಅಸ್ಪಷ್ಟ ಫಲಕದ ಬೆಲೆ ಇಡೀ ಮಾರ್ಗಕ್ಕೆ ತಗಲುತ್ತದೆ.

1908ರ ಸುಮಾರಿಗೆ ನಿಲ್ದಾಣದ ಹೆಸರನ್ನು ನೀಲಿ ಪಟ್ಟಿಯಲ್ಲಿ ಬರೆದು ಅದರ ಹಿಂದೆ ದೊಡ್ಡ ಕೆಂಪು ವೃತ್ತವನ್ನಿಡುವ ಪದ್ಧತಿ ಆರಂಭವಾಯಿತು. ಜಾಹೀರಾತುಗಳಿಗೆ ನಿಗದಿತ ಚೌಕಟ್ಟುಗಳನ್ನು ಗೊತ್ತುಪಡಿಸಿ, ಹೆಸರಿನ ಫಲಕದ ಸುತ್ತ ಖಾಲಿ ಜಾಗ ಬಿಡಿಸಿದರು. ಪಿಕ್ ಅವರ ಸುಧಾರಣೆಗಳಲ್ಲಿ ಇದು ಅತ್ಯಂತ ಸರಳವಾದುದು, ಬಹುಶಃ ಅತ್ಯಂತ ಉಪಯುಕ್ತವೂ ಹೌದು. ಜಾಹೀರಾತಿನ ಆದಾಯ ಬೇಕೇ ಬೇಕಾಗಿದ್ದ ಸಾಲಗಾರ ಕಂಪನಿಯೊಂದು ಗೋಡೆಯ ಮೇಲೆ ಖಾಲಿ ಜಾಗ ಬಿಡುವುದು ಸುಲಭದ ನಿರ್ಧಾರವಾಗಿರಲಿಲ್ಲ.

ಭಿತ್ತಿಚಿತ್ರಗಳ ಕ್ಷೇತ್ರದಲ್ಲಿ ಪಿಕ್ ಮಾಡಿದ ಕೆಲಸ ಹೆಚ್ಚು ಪ್ರಸಿದ್ಧವಾಗಿದೆ. ಹೆಸರಾಂತ ಕಲಾವಿದರಿಗೂ ಹೊಸಬರಿಗೂ ಅವರು ಕೆಲಸ ಕೊಟ್ಟರು. ಎಡ್ವರ್ಡ್ ಮೆಕ್‌ನೈಟ್ ಕಾಫರ್ ಅವರಂಥವರ ಕೀರ್ತಿ ಬೆಳೆದುದು ಈ ಗೋಡೆಗಳ ಮೇಲೆ. ಕಲಾ ಇತಿಹಾಸಕಾರರು ಇದನ್ನು ಕಲೆಯ ದೃಷ್ಟಿಯಿಂದಲೇ ನೋಡುವುದುಂಟು. ಆದರೆ ಅದರ ಹಿಂದೆ ಅಂಕಿಅಂಶದ ಲೆಕ್ಕಾಚಾರವೂ ಇತ್ತು. ಬೆಳಿಗ್ಗೆ ಮತ್ತು ಸಂಜೆ ರೈಲುಗಳು ಕಿಕ್ಕಿರಿದಿರುತ್ತಿದ್ದವು. ಮಧ್ಯಾಹ್ನ, ರಾತ್ರಿ ಮತ್ತು ಭಾನುವಾರ ಅವೇ ರೈಲುಗಳು ಬರಿದಾಗಿ ಓಡುತ್ತಿದ್ದವು. ಉದ್ಯಾನ, ನಾಟಕಶಾಲೆ, ವಸ್ತುಸಂಗ್ರಹಾಲಯ, ಹಳ್ಳಿಗಾಡುಗಳ ಚಿತ್ರಗಳು ಜನರನ್ನು ಆ ಬಿಡುವಿನ ಹೊತ್ತಿಗೆ ಸೆಳೆಯುವ ಸಾಧನಗಳಾಗಿದ್ದವು. ಆಗಾಗ ಬದಲಾಗುವ ಈ ಕಾಗದದ ಹಾಳೆಗಳು ಪ್ರಯಾಣಿಕರ ಹರಿವನ್ನು ದಿನದ ಬೇರೆ ಬೇರೆ ಹೊತ್ತಿಗೆ ಹಂಚಲು ನೆರವಾದವು.

ಜಾನ್‌ಸ್ಟನ್ ಅಕ್ಷರಗಳು

ಸಂಸ್ಥೆಯ ಸೂಚನೆಗೂ ವ್ಯಾಪಾರಿಯ ಜಾಹೀರಾತಿಗೂ ವ್ಯತ್ಯಾಸ ದೂರದಿಂದಲೇ ತಿಳಿಯಬೇಕು ಎಂಬುದು ಪಿಕ್ ಅವರ ಹಟವಾಗಿತ್ತು. ಅದಕ್ಕಾಗಿ ಬೇರಾರೂ ಬಳಸದ ಅಕ್ಷರರೂಪ ಬೇಕಿತ್ತು. 1913ರಲ್ಲಿ ಅವರು ಲಿಪಿಕಾರ ಎಡ್ವರ್ಡ್ ಜಾನ್‌ಸ್ಟನ್ ಅವರನ್ನು ಸಂಪರ್ಕಿಸಿದರು. ಲೇಖನಿಯಿಂದ ಬರೆಯುವ ಪ್ರಾಚೀನ ಕಲೆಯನ್ನು ಪುನರುಜ್ಜೀವನಗೊಳಿಸಿದವರು ಜಾನ್‌ಸ್ಟನ್. ಅವರು ರೂಪಿಸಿದ್ದು ಮಾತ್ರ ಯಾವ ಅಲಂಕಾರವೂ ಇಲ್ಲದ, ಸಮಾನ ದಪ್ಪದ ರೇಖೆಗಳ, ರೋಮನ್ ಶಾಸನಗಳ ಪ್ರಮಾಣವುಳ್ಳ ಅಕ್ಷರಮಾಲೆ. 1916ರಲ್ಲಿ ಅದು ಬಳಕೆಗೆ ಬಂತು. ಕೆಂಪು ವೃತ್ತವನ್ನೂ ಜಾನ್‌ಸ್ಟನ್ ತಿದ್ದಿ, ತುಂಬಿದ ಬಿಲ್ಲೆಯ ಬದಲು ಬಳೆಯ ಆಕಾರ ಕೊಟ್ಟರು. ಇಂದಿಗೂ ಲಂಡನ್ ಸಾರಿಗೆಯ ಲಾಂಛನ ಅದೇ. ಜಾನ್‌ಸ್ಟನ್ ಅಕ್ಷರಗಳು ಸಣ್ಣ ಪರಿಷ್ಕರಣೆಗಳೊಂದಿಗೆ ನೂರು ವರ್ಷ ದಾಟಿಯೂ ಬಳಕೆಯಲ್ಲಿವೆ.

ಬದಲಾಗುವ ಫಲಕಗಳು

ನಿಲ್ದಾಣದ ಹೆಸರು ಸ್ಥಿರವಾದುದು; ಬರುವ ರೈಲು ಎಲ್ಲಿಗೆ ಹೋಗುತ್ತದೆ ಎಂಬುದು ಸ್ಥಿರವಲ್ಲ. ಒಂದೇ ಕಟ್ಟೆಗೆ ನಾಲ್ಕಾರು ಊರುಗಳ ರೈಲುಗಳು ಬರುವಲ್ಲಿ ಈ ಸಮಸ್ಯೆ ತೀವ್ರ. ಡಿಸ್ಟ್ರಿಕ್ಟ್ ರೈಲುಮಾರ್ಗವು 1905ರಲ್ಲಿ ವಿದ್ಯುದೀಕರಣಗೊಂಡ ಕಾಲದಿಂದ ಅದರ ನಿಲ್ದಾಣಗಳಿಗೆ ವಿದ್ಯುತ್ ಸೂಚಕ ಫಲಕಗಳು ಬಂದವು. ಸಂಕೇತ ಕೊಠಡಿಯಲ್ಲಿ ಕುಳಿತ ನೌಕರನು ರೈಲಿನ ಗುರಿಯನ್ನು ತಂತಿಯ ಮೂಲಕ ಮುಂದಿನ ನಿಲ್ದಾಣಗಳಿಗೆ ತಿಳಿಸುತ್ತಿದ್ದನು. ಫಲಕದಲ್ಲಿ ಸಾಲಾಗಿ ಬರೆದ ಊರುಗಳ ಪೈಕಿ ಸರಿಯಾದುದರ ಪಕ್ಕದಲ್ಲಿ ದೀಪ ಬೆಳಗುತ್ತಿತ್ತು. ಅರ್ಲ್ಸ್ ಕೋರ್ಟ್ ನಿಲ್ದಾಣದ ಬಾಣದ ಗುರುತಿನ ಫಲಕಗಳು ಈ ಬಗೆಯವುಗಳಲ್ಲಿ ಪ್ರಸಿದ್ಧವಾದವು. ಇವು ಎಂಜಿನಿಯರುಗಳ ಸಾಧನೆಯೇ ಹೊರತು ಪಿಕ್ ಅವರ ಆವಿಷ್ಕಾರವಲ್ಲ. ಅವರ ಕೊಡುಗೆಯಿರುವುದು ಹೆಸರಿನ ಫಲಕ, ದಾರಿಯ ಬಾಣ, ಹೊರದಾರಿಯ ಗುರುತು, ಮಾರ್ಗನಕ್ಷೆ ಮತ್ತು ಸೂಚಕ ಫಲಕಗಳೆಲ್ಲವೂ ಒಂದೇ ಧ್ವನಿಯಲ್ಲಿ ಮಾತನಾಡುವಂತೆ ಮಾಡಿದುದರಲ್ಲಿ.

1920ರ ದಶಕದಲ್ಲಿ ಈ ಅಗತ್ಯ ಇನ್ನೂ ಹೆಚ್ಚಿತು. ಕ್ಯಾಮ್ಡೆನ್ ಟೌನ್ ಎಂಬಲ್ಲಿ 1924ರಲ್ಲಿ ಎರಡು ಸುರಂಗ ಮಾರ್ಗಗಳನ್ನು ಜೋಡಿಸಿದಾಗ, ಉತ್ತರದ ಎರಡು ಕವಲುಗಳ ರೈಲುಗಳು ದಕ್ಷಿಣದ ಎರಡು ಕವಲುಗಳ ಪೈಕಿ ಯಾವುದಕ್ಕೆ ಬೇಕಾದರೂ ಹೋಗಬಲ್ಲವಾದವು. ಎಂಜಿನಿಯರಿಂಗ್ ದೃಷ್ಟಿಯಿಂದ ಇದು ಅದ್ಭುತ. ಪ್ರಯಾಣಿಕನ ದೃಷ್ಟಿಯಿಂದ ಗೊಂದಲದ ಗೂಡು. ಮುಂದಿನ ರೈಲು ಯಾವ ಕಟ್ಟೆಗೆ ಬರುತ್ತದೆ ಎಂಬುದು ಕಟ್ಟೆಗೆ ಇಳಿದ ಮೇಲೆ ತಿಳಿದರೆ ಪ್ರಯೋಜನವಿಲ್ಲ. ದಾರಿ ಕವಲೊಡೆಯುವ ಮೊದಲೇ ತಿಳಿಯಬೇಕು. ಸೂಚನೆಯ ಮಾತಿನಷ್ಟೇ ಅದರ ಸ್ಥಳವೂ ಮುಖ್ಯ ಎಂಬುದು ಇಂಥ ನಿಲ್ದಾಣಗಳು ಕಲಿಸಿದ ಪಾಠ. 1938ರಲ್ಲಿ ಲಂಡನ್ ಟ್ರಾನ್ಸ್‌ಪೋರ್ಟ್ ತನ್ನ ಫಲಕಗಳಿಗೆ ಪ್ರಮಾಣ ಕೈಪಿಡಿಯನ್ನೇ ಸಿದ್ಧಪಡಿಸಿತು.

ನಿಲ್ದಾಣಗಳ ನಿರ್ಮಾಣ

ಪಿಕ್ 1915ರಲ್ಲಿ ಸ್ಥಾಪಿತವಾದ ವಿನ್ಯಾಸ ಮತ್ತು ಉದ್ಯಮಗಳ ಸಂಘದ ಸ್ಥಾಪಕರಲ್ಲಿ ಒಬ್ಬರು. ಅಲ್ಲಿ ಪರಿಚಯವಾದ ವಾಸ್ತುಶಿಲ್ಪಿ ಚಾರ್ಲ್ಸ್ ಹೋಲ್ಡನ್ ಮುಂದೆ ಅವರ ಬಹುತೇಕ ನಿಲ್ದಾಣಗಳನ್ನು ರೂಪಿಸಿದರು. ಇವರಿಬ್ಬರ ಜೋಡಿಯ ಶ್ರೇಷ್ಠ ಫಲ ಪಿಕಡಿಲಿ ಸರ್ಕಸ್ ನಿಲ್ದಾಣ. 1907ರಲ್ಲಿ ವರ್ಷಕ್ಕೆ 15 ಲಕ್ಷ ಜನ ಬಳಸುತ್ತಿದ್ದ ಆ ನಿಲ್ದಾಣವನ್ನು 1922ರ ವೇಳೆಗೆ 1 ಕೋಟಿ 80 ಲಕ್ಷ ಜನ ಬಳಸುತ್ತಿದ್ದರು. ಹಳೆಯ ಕಟ್ಟಡದಲ್ಲಿ ಇದ್ದುದು ಲಿಫ್ಟುಗಳು. ಲಿಫ್ಟು ಜನರನ್ನು ಕಂತುಕಂತಾಗಿ ಸಾಗಿಸುತ್ತದೆ. ಕಂತಿನ ನಡುವೆ ಗುಂಪು ಕಟ್ಟಿಕೊಳ್ಳುತ್ತದೆ. ಚಲಿಸುವ ಮೆಟ್ಟಿಲು ನೀರಿನ ಕಾಲುವೆಯಂತೆ ನಿಲ್ಲದೆ ಹರಿಸುತ್ತದೆ. ಲಂಡನ್ ಸುರಂಗ ರೈಲಿನ ಮೊದಲ ಚಲಿಸುವ ಮೆಟ್ಟಿಲುಗಳು 1911ರಲ್ಲಿ ಅರ್ಲ್ಸ್ ಕೋರ್ಟ್‌ನಲ್ಲಿ ಬಂದಿದ್ದವು. ಪಿಕಡಿಲಿ ಸರ್ಕಸ್‌ನಲ್ಲಿ ಅಂಥ 11 ಮೆಟ್ಟಿಲುಗಳನ್ನು ಅಳವಡಿಸಿ, ರಸ್ತೆಯ ಅಡಿಯಲ್ಲಿ ದುಂಡನೆಯ ಟಿಕೆಟ್ ಸಭಾಂಗಣ ಕಟ್ಟಲಾಯಿತು. ಮೂಲೆಗಳಿಲ್ಲದ ಅಂಗಳದಲ್ಲಿ ಜನ ಒಬ್ಬರಿಗೊಬ್ಬರು ಅಡ್ಡಬರದೆ ಸುತ್ತ ಹರಿಯಬಲ್ಲರು. 1928ರ ಡಿಸೆಂಬರ್ 10ರಂದು ತೆರೆದ ಈ ನಿಲ್ದಾಣವನ್ನು ವರ್ಷಕ್ಕೆ 5 ಕೋಟಿ ಪ್ರಯಾಣಿಕರ ಅಂದಾಜಿನಲ್ಲಿ ಕಟ್ಟಲಾಗಿತ್ತು. 1935ರಲ್ಲಿ ಆರಂಭವಾದ ಮಾಸ್ಕೋ ಮೆಟ್ರೊದ ನಿರ್ಮಾಪಕರಿಗೂ ಲಂಡನ್ ಮಾದರಿಯಾಯಿತು. ಪಿಕ್ ನೀಡಿದ ಸಲಹೆಗಾಗಿ ಸೋವಿಯತ್ ಸರ್ಕಾರ ಗೌರವ ಪದಕ ನೀಡಿತು.

1930ರ ಬೇಸಿಗೆಯಲ್ಲಿ ಪಿಕ್ ಮತ್ತು ಹೋಲ್ಡನ್ ಜರ್ಮನಿ, ಹಾಲೆಂಡ್, ಡೆನ್ಮಾರ್ಕ್, ಸ್ವೀಡನ್‌ಗಳಲ್ಲಿ ಸಂಚರಿಸಿ ಹೊಸ ವಾಸ್ತುಶಿಲ್ಪವನ್ನು ನೋಡಿ ಬಂದರು. 1931ರ ಸಡ್‌ಬರಿ ಟೌನ್, 1932ರ ಆರ್ನೋಸ್ ಗ್ರೋವ್ ಮೊದಲಾದ ನಿಲ್ದಾಣಗಳು ಆ ಪ್ರವಾಸದ ಫಲ. ಇಟ್ಟಿಗೆ, ಕಾಂಕ್ರೀಟು ಮತ್ತು ಗಾಜಿನ ಸರಳ ಕಟ್ಟಡಗಳವು.

1929ರಲ್ಲಿ ತೆರೆದ ಕಂಪನಿಯ ಕೇಂದ್ರ ಕಚೇರಿಯ ಹೊರಗೋಡೆಗೆ ಜೇಕಬ್ ಎಪ್‌ಸ್ಟೈನ್ ಕೆತ್ತಿದ ಎರಡು ನಗ್ನ ಶಿಲ್ಪಗಳು ಪತ್ರಿಕೆಗಳಲ್ಲಿ ದೊಡ್ಡ ಗದ್ದಲವೆಬ್ಬಿಸಿದವು. ಪಿಕ್ ಅವರಿಗೆ ಆ ಶಿಲ್ಪಗಳು ಹಿಡಿಸಿರಲಿಲ್ಲ. ಆದರೂ ವಾಸ್ತುಶಿಲ್ಪಿಯ ಆಯ್ಕೆಯನ್ನು ಬಿಟ್ಟುಕೊಡದೆ, ಅವನ್ನು ತೆಗೆಯುವ ಬದಲು ತಾವೇ ರಾಜೀನಾಮೆ ಕೊಡಲು ಸಿದ್ಧರಾದರು. ಶಿಲ್ಪಗಳು ಉಳಿದವು.

ಹ್ಯಾರಿ ಬೆಕ್ ನಕ್ಷೆ

1931ರಲ್ಲಿ ಹ್ಯಾರಿ ಬೆಕ್ ಎಂಬ ನಕ್ಷೆಗಾರರು ಭೂಗೋಳದ ನಿಜವಾದ ದೂರಗಳನ್ನು ಬಿಟ್ಟು, ನೇರ ಮತ್ತು ಓರೆ ರೇಖೆಗಳಲ್ಲಿ ಮಾರ್ಗಗಳನ್ನು ತೋರಿಸುವ ನಕ್ಷೆಯನ್ನು ತಯಾರಿಸಿದರು. ತೀರಾ ಕ್ರಾಂತಿಕಾರಿಯೆಂದು ಪ್ರಚಾರ ವಿಭಾಗ ಮೊದಲು ಅದನ್ನು ತಿರಸ್ಕರಿಸಿತು. 1933ರ ಜನವರಿಯಲ್ಲಿ ಮುದ್ರಿಸಿ ಹಂಚಿದಾಗ ಜನ ಕೂಡಲೇ ಒಪ್ಪಿಕೊಂಡರು. ನೆಲದಡಿಯಲ್ಲಿರುವವನಿಗೆ ಬೇಕಾದುದು ದೂರವಲ್ಲ, ಕ್ರಮ: ಯಾವುದರ ನಂತರ ಯಾವುದು, ಎಲ್ಲಿ ಇಳಿದು ಎಲ್ಲಿ ಹತ್ತಬೇಕು.

ಸಾರಿಗೆ ಮಂಡಳಿ

1928ರಲ್ಲಿ ಆಡಳಿತ ನಿರ್ದೇಶಕರಾಗಿದ್ದ ಪಿಕ್, 1933ರಲ್ಲಿ ಲಂಡನ್ನಿನ ರೈಲು, ಬಸ್ಸು, ಟ್ರಾಮುಗಳೆಲ್ಲ ಒಂದೇ ಸಾರ್ವಜನಿಕ ಮಂಡಳಿಯ ಅಡಿಗೆ ಬಂದಾಗ ಅದರ ಉಪಾಧ್ಯಕ್ಷರಾದರು, ಆ್ಯಶ್‌ಫೀಲ್ಡ್ ಅಧ್ಯಕ್ಷರು. ರೈಲು ಮಾರ್ಗಗಳು ಹೊರವಲಯಕ್ಕೆ ಚಾಚಿದಂತೆ ಊರೂ ಚಾಚಿತು. 1924ರಲ್ಲಿ ರೈಲು ತಲುಪಿದ ಎಡ್ಜ್‌ವೇರ್, 1926ರಲ್ಲಿ ತಲುಪಿದ ಮಾರ್ಡೆನ್ ಬಯಲುಗಳು ಕೆಲವೇ ವರ್ಷಗಳಲ್ಲಿ ಮನೆಗಳಿಂದ ತುಂಬಿದವು. ಅವರೆಲ್ಲ ಬೆಳಿಗ್ಗೆ ಏಕಕಾಲಕ್ಕೆ ನಗರದ ಮಧ್ಯಕ್ಕೆ ಹೊರಡುವವರೇ. ತಾವು ಬೆಳೆಸಿದ ಜಾಲವೇ ನಿಭಾಯಿಸಲಾಗದ ಸಂದಣಿಯನ್ನು ಹುಟ್ಟಿಸುತ್ತಿದೆ ಎಂಬ ಅರಿವು ಪಿಕ್ ಅವರನ್ನು ಕಾಡಿತು. ನಗರದ ಬೆಳವಣಿಗೆಗೆ ಮಿತಿ ಬೇಕು, ಸುತ್ತ ಹಸಿರು ಪಟ್ಟಿ ಇರಬೇಕು ಎಂದು ಅವರು 1930ರ ದಶಕದಲ್ಲಿ ನಿರಂತರವಾಗಿ ವಾದಿಸಿದರು. ರೈಲು ಸಂಸ್ಥೆಯ ಮುಖ್ಯಸ್ಥರಿಂದ ಇಂಥ ಮಾತು ನಿರೀಕ್ಷಿತವಲ್ಲ.

ವ್ಯಕ್ತಿತ್ವ

ಪಿಕ್ ಸಂಕೋಚದ ಸ್ವಭಾವದವರು. ಮಾತು ಕಡಿಮೆ, ಇದ್ದಷ್ಟೂ ಕಟು. ಕಡತಗಳ ಮೇಲೆ ಹಸಿರು ಶಾಯಿಯಲ್ಲಿ ಬರೆಯುವ ಅಭ್ಯಾಸವಿತ್ತು. ರಾತ್ರಿಯಲ್ಲಿ, ವಾರಾಂತ್ಯಗಳಲ್ಲಿ ತಾವೇ ನಿಲ್ದಾಣ ಸುತ್ತಿ, ವಾಲಿದ ಫಲಕ, ಹರಿದ ಭಿತ್ತಿಚಿತ್ರ, ಕಸದ ಬುಟ್ಟಿಗಳನ್ನು ಪರಿಶೀಲಿಸುತ್ತಿದ್ದರು. ಅಧೀನ ನೌಕರರಿಗೆ ಇದು ಹಿತವಾಗಿರಲಿಲ್ಲ ಎಂಬುದನ್ನು ಊಹಿಸಬಹುದು. ನೈಟ್ ಪದವಿಯನ್ನೂ ಅದಕ್ಕಿಂತ ಹಿರಿದಾದ ಪ್ರಭು ಪದವಿಯನ್ನೂ ಅವರು ನಿರಾಕರಿಸಿದರು.

ಕೊನೆಯ ವರ್ಷಗಳು

ಎರಡನೆಯ ಮಹಾಯುದ್ಧದ ಆರಂಭದಲ್ಲಿ ಲಂಡನ್ನಿನ ಮಕ್ಕಳನ್ನು ಹಳ್ಳಿಗಳಿಗೆ ಸಾಗಿಸುವ ಬೃಹತ್ ಕಾರ್ಯದ ಸಾರಿಗೆ ಸಿದ್ಧತೆಯಲ್ಲಿ ಪಿಕ್ ಪಾಲ್ಗೊಂಡರು. ಅಷ್ಟರಲ್ಲಿ ಆರೋಗ್ಯ ಕುಸಿದಿತ್ತು. ಹಣಕಾಸಿನ ವಿಷಯದಲ್ಲಿ ಮಂಡಳಿಯೊಂದಿಗೆ ಭಿನ್ನಾಭಿಪ್ರಾಯವೂ ಮೂಡಿತ್ತು. 1940ರ ಮೇ ತಿಂಗಳಲ್ಲಿ ಅವರು ಮಂಡಳಿಯನ್ನು ತೊರೆದರು. ಅದೇ ವರ್ಷ ಕೆಲವು ತಿಂಗಳು ಮಾಹಿತಿ ಸಚಿವಾಲಯದ ಮಹಾನಿರ್ದೇಶಕರಾಗಿದ್ದರು. ಸುಳ್ಳೆಂದು ತಮಗೆ ತಿಳಿದ ಪ್ರಚಾರಕ್ಕೆ ಒಪ್ಪದೆ ಪ್ರಧಾನಿ ಚರ್ಚಿಲ್ ಅವರ ಅಸಮಾಧಾನಕ್ಕೆ ಗುರಿಯಾದರೆಂದು ಹೇಳಲಾಗುತ್ತದೆ. 1941ರ ನವೆಂಬರ್ 7ರಂದು ಲಂಡನ್ನಿನ ತಮ್ಮ ಮನೆಯಲ್ಲಿ ಮೆದುಳಿನ ರಕ್ತಸ್ರಾವದಿಂದ ನಿಧನರಾದರು. ಆಗ ಅವರಿಗೆ 62 ವರ್ಷ. ಅವರು ಕಟ್ಟಿಸಿದ ಆಳದ ನಿಲ್ದಾಣಗಳು ಹಿಂದಿನ ಚಳಿಗಾಲದಲ್ಲಿ ಬಾಂಬು ದಾಳಿಯಿಂದ ಸಾವಿರಾರು ಜನರಿಗೆ ರಾತ್ರಿಯ ಆಶ್ರಯವಾಗಿದ್ದವು. ಮರುವರ್ಷ ಕಲಾ ಇತಿಹಾಸಕಾರ ನಿಕೊಲಸ್ ಪೆವ್ಸ್‌ನರ್ ಅವರ ಸಾಧನೆಯ ಬಗ್ಗೆ ವಿಸ್ತಾರವಾದ ಲೇಖನ ಬರೆದರು. 2016ರಲ್ಲಿ, ನಿಧನದ 75ನೆಯ ವರ್ಷದಂದು, ಪಿಕಡಿಲಿ ಸರ್ಕಸ್ ನಿಲ್ದಾಣದ ಸಭಾಂಗಣದಲ್ಲಿ ಸ್ಮಾರಕವನ್ನು ಅನಾವರಣಗೊಳಿಸಲಾಯಿತು.

ಬೆಂಗಳೂರಿನ ಸಂದರ್ಭ

ಪಿಕ್ ಕಾಲದ ಲಂಡನ್ನಿನಲ್ಲಿ ರೈಲು ಮೊದಲು ಬಂದು ಬಡಾವಣೆ ನಂತರ ಬೆಳೆಯಿತು. ಬೆಂಗಳೂರಿನಲ್ಲಿ ನಡೆದುದು ಇದಕ್ಕೆ ವಿರುದ್ಧ. ಪೀಣ್ಯ ಕೈಗಾರಿಕಾ ಪ್ರದೇಶ ಮತ್ತು ಎಲೆಕ್ಟ್ರಾನಿಕ್ ಸಿಟಿ 1970ರ ದಶಕದ ಯೋಜನೆಗಳು. ವೈಟ್‌ಫೀಲ್ಡ್ 1990ರ ದಶಕದಿಂದ ಮಾಹಿತಿ ತಂತ್ರಜ್ಞಾನದ ನೆಲೆಯಾಯಿತು. ಮೆಟ್ರೊ ಪೀಣ್ಯವನ್ನು ತಲುಪಿದ್ದು 2014ರಲ್ಲಿ, ವೈಟ್‌ಫೀಲ್ಡನ್ನು 2023ರಲ್ಲಿ, ಎಲೆಕ್ಟ್ರಾನಿಕ್ ಸಿಟಿಯನ್ನು 2025ರ ಆಗಸ್ಟ್‌ನಲ್ಲಿ. ಈ ಮೂರೂ ಕಡೆಯ ನಿಲ್ದಾಣಗಳು ಕಂಬಗಳ ಮೇಲಿವೆ. ಆದರೆ ಉಳಿದೆರಡು ಕಡೆಗಳಿಂದ ವೈಟ್‌ಫೀಲ್ಡಿಗೆ ಹೋಗುವವರು ನೆಲದಡಿಯ ಮೆಜೆಸ್ಟಿಕ್ ನಿಲ್ದಾಣದಲ್ಲಿ ಮಾರ್ಗ ಬದಲಿಸಬೇಕಾಗುತ್ತದೆ: ಪೀಣ್ಯದಿಂದ ವೈಟ್‌ಫೀಲ್ಡಿಗೆ ಹೊರಟವನು ಹಸಿರು ಮಾರ್ಗದಿಂದ ನೇರಳೆಗೆ, ಎಲೆಕ್ಟ್ರಾನಿಕ್ ಸಿಟಿಯಿಂದ ಅಲ್ಲಿಗೆ ಹೊರಟವನು ರಾಷ್ಟ್ರೀಯ ವಿದ್ಯಾಲಯ ರಸ್ತೆಯಲ್ಲಿ ಹಳದಿಯಿಂದ ಹಸಿರಿಗೆ, ಮತ್ತೆ ಮೆಜೆಸ್ಟಿಕ್‌ನಲ್ಲಿ ನೇರಳೆಗೆ. ಎರಡು ಮಾರ್ಗಗಳ ಕಟ್ಟೆಗಳು ಬೇರೆ ಬೇರೆ ಮಟ್ಟದಲ್ಲಿರುವ ಆ ನಿಲ್ದಾಣದಲ್ಲಿ, ಮಾರ್ಗದ ಬಣ್ಣ ಹೇಳುವ ಸ್ಥಿರ ಫಲಕವೂ ಮುಂದಿನ ರೈಲಿಗೆ ಎಷ್ಟು ನಿಮಿಷವೆಂದು ಹೇಳುವ ಚಲ ಫಲಕವೂ ಒಂದಕ್ಕೊಂದು ಪೂರಕ. ಹಳದಿ ಮಾರ್ಗ ಆರಂಭದಲ್ಲಿ ಮೂರೇ ರೈಲುಗಳಿಂದ 25 ನಿಮಿಷಗಳಿಗೊಮ್ಮೆ ಓಡುತ್ತಿತ್ತು; ಅಂಥ ಅಂತರವಿರುವಾಗ ಆ ಸಂಖ್ಯೆಯನ್ನು ಮೆಟ್ಟಿಲು ಏರುವ ಮೊದಲೇ ನೋಡಿದವನಿಗೂ ಏರಿದ ಮೇಲೆ ನೋಡಿದವನಿಗೂ ಬಹಳ ವ್ಯತ್ಯಾಸವಿದೆ.

ಫಲಕದ ಭಾಷೆಯೂ ಇಲ್ಲಿ ಸಣ್ಣ ಪ್ರಶ್ನೆಯಾಗಿ ಉಳಿಯಲಿಲ್ಲ. 2017ರಲ್ಲಿ ನಮ್ಮ ಮೆಟ್ರೊ ನಿಲ್ದಾಣಗಳ ಹಿಂದಿ ಬರಹದ ವಿರುದ್ಧ ಕನ್ನಡಪರ ಹೋರಾಟ ನಡೆಯಿತು. ಕನ್ನಡ ಅಭಿವೃದ್ಧಿ ಪ್ರಾಧಿಕಾರ ವಿವರಣೆ ಕೇಳಿತು, ರಾಜ್ಯ ಸರ್ಕಾರ ಕೇಂದ್ರಕ್ಕೆ ಪತ್ರ ಬರೆಯಿತು, ಹಿಂದಿ ಸಾಲುಗಳನ್ನು ತೆಗೆಯಲಾಯಿತು. ಲಿಪಿಯ ಮತ್ತೊಂದು ತೊಡಕು ಅಷ್ಟು ಚರ್ಚೆಗೆ ಬಂದಿಲ್ಲ. ರೋಮನ್ ಅಕ್ಷರಗಳು ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಎಲೆಕ್ಟ್ರಾನಿಕ್ ಎಂಬ ಪದದಲ್ಲಿ ಒಂದೇ ಅಕ್ಷರಕ್ಕೆ ಎರಡು ಒತ್ತುಗಳಿವೆ. ದೀಪದ ಚುಕ್ಕೆಗಳಿಂದ ಅಕ್ಷರ ಮೂಡಿಸುವ ಫಲಕದಲ್ಲಿ ಇಂಗ್ಲಿಷಿಗೆ ಸಾಕಾಗುವ ಚುಕ್ಕೆಸಾಲುಗಳು ಕನ್ನಡಕ್ಕೆ ಸಾಲುವುದಿಲ್ಲ. ಅಷ್ಟರಲ್ಲೇ ತುರುಕಿದರೆ ಅಕ್ಷರ ಕುಗ್ಗಿ, ಒತ್ತು ಕಲಸಿಹೋಗುತ್ತದೆ. ಕನ್ನಡ ಫಲಕದ ಎತ್ತರವನ್ನು ಕನ್ನಡ ಅಕ್ಷರದ ಅಳತೆಯಿಂದಲೇ ನಿರ್ಧರಿಸಬೇಕಾಗುತ್ತದೆ.